ನೆರೆ ಇಳಿದ ಮೇಲೆ ಸೇತುವೆ ಕಂಬದ ಬುಡ ಪೊಳ್ಳಾಗಿದೆ, ಕಲ್ಲು ಸುರಿದರೆ ಸಾಕೇ?

ಎರೆಹೊಲ
ಬೆಣ್ಣೆಹಳ್ಳಕ್ಕೆ ಸೇರುವ ಒಂದು ಹಳ್ಳದ ಮೇಲೆ ಮೂರು ಅಂಕಣದ ಆರ್‌ಸಿಸಿ ಸ್ಲ್ಯಾಬ್ ಸೇತುವೆ ಇದೆ. ಓಪನ್ ಫೌಂಡೇಶನ್ (ನೆಲ ತೋಡಿ ನೇರವಾಗಿ ಕೂರಿಸಿದ ಅಡಿಪಾಯ), ಫುಟಿಂಗ್ (ಕಂಬದ ಕೆಳಗಿನ ಅಗಲವಾದ ಪಾದ) ಅಗಲ 3 ಮೀ. ಒಂದು ಕಂಬದ ಕೆಳಗೆ, ನೀರು ಬರುವ ಬದಿಯಿಂದ 1.2 ಮೀ ಒಳಗಿನವರೆಗೆ ಮಣ್ಣು ಕೊಚ್ಚಿಹೋಗಿದೆ. ಪೊಳ್ಳಿನ ಎತ್ತರ ಅರ್ಧ ಮೀಟರ್. ಅಬಟ್‌ಮೆಂಟ್ (ಸೇತುವೆಯ ತುದಿಯ ಆಧಾರಗೋಡೆ) ಹಿಂದಿನ ಎರೆಮಣ್ಣಿನ ಏರಿ ಕುಸಿದು ಪಿಚಿಂಗ್ ಕಲ್ಲು (ಇಳಿಜಾರಿಗೆ ಹೊದಿಸಿದ ಕಲ್ಲು) ಜಾರಿದೆ. ನಾಲ್ಕು ಲೋಡ್ ಕಲ್ಲು ಸುರಿದರೆ ಮುಗಿಯಿತು ಅನ್ನುತ್ತಿದ್ದಾರೆ. ಸರಿಯೇ?

ತೂಗುಗುಂಡು
ಬೇಡ ಸರ್. ಕಂಬದ ಸುತ್ತ ಕಲ್ಲಿನ ಗುಡ್ಡೆ ಹಾಕಿದರೆ ನೀರಿನ ದಾರಿ ಕಿರಿದಾಗಿ ವೇಗ ಹೆಚ್ಚುತ್ತದೆ, ಮುಂದಿನ ಮಳೆಗೆ ಪಕ್ಕದ ಕಂಬದ ಬುಡ ಕೊರೆಯುತ್ತದೆ. ಒಳಗಿನ ಪೊಳ್ಳಂತೂ ಹಾಗೇ ಉಳಿಯುತ್ತದೆ.

ಮೊದಲು ಭಾರಿ ವಾಹನ ನಿಲ್ಲಿಸಿ. ಕಂಬಕ್ಕೆ ತೂಗುಗುಂಡು ಹಿಡಿದು, ಸ್ಲ್ಯಾಬ್ ಮಟ್ಟವನ್ನೂ ನೋಡಿ. ವಾಲಿದ್ದರೆ ಅಥವಾ ಕುಸಿದಿದ್ದರೆ ಈ ದುರಸ್ತಿ ಸಾಲದು, ವಿನ್ಯಾಸಕಾರರೇ ಬರಬೇಕು. ಆಮೇಲೆ ಕಬ್ಬಿಣದ ಸರಳು ಚುಚ್ಚಿ ಎಲ್ಲ ಕಂಬಗಳ ಸುತ್ತ ಆಳ ಅಳೆಯಿರಿ. ನೆರೆ ಇಳಿಯುವಾಗ ಗುಂಡಿಯಲ್ಲಿ ರೇವೆ (ನೀರು ತಂದ ಸಡಿಲ ಹೂಳು) ತುಂಬಿಕೊಂಡು ನೆಲ ಗಟ್ಟಿ ಇರುವಂತೆ ಕಾಣುತ್ತದೆ. ಆದರೆ ಅದಕ್ಕೆ ಭಾರ ಹೊರುವ ಶಕ್ತಿ ಇಲ್ಲ. ನೀವು ಕಂಡ ಅರ್ಧ ಮೀಟರ್ ನಿಜವಾದ ಆಳ ಆಗಿರಲಿಕ್ಕಿಲ್ಲ.

ತುಂಬುವುದು ಹೀಗೆ: ಉಸುಕಿನ ಚೀಲದಿಂದ ತಡೆ ಕಟ್ಟಿ ನೀರು ತಿರುಗಿಸಿ, ಪಂಪ್ ಇಟ್ಟು ಒಣಗಿಸಿ. ಸಡಿಲ ರೇವೆಯನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ತೆಗೆಯಿರಿ, ಆದರೆ ಫುಟಿಂಗ್ ಕೆಳಗೆ ಹೊಸದಾಗಿ ಅಗೆಯಬೇಡಿ. ಸುತ್ತ ಶಟರಿಂಗ್ ಹಾಕಿ, ಒಳಗಿನ ತುದಿಯವರೆಗೆ ಗ್ರೌಟ್ (ಸಂದಿಗೆ ಒತ್ತಿ ತುಂಬುವ ತೆಳು ಸಿಮೆಂಟ್ ಪಾಕ) ಪೈಪ್, ಗಾಳಿ ಹೋಗಲು ಬೇರೆ ಪೈಪ್ ಇಡಿ. ಕಾಂಕ್ರೀಟ್ ಒಂದೇ ಬದಿಯಿಂದ ಹರಿಯಬೇಕು. ಎರಡೂ ಕಡೆಯಿಂದ ಹಾಕಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಫುಟಿಂಗ್ ತಳಕ್ಕೂ ಹೊಸ ಕಾಂಕ್ರೀಟ್‌ಗೂ ನಡುವೆ ಉಳಿಯುವ ಸಂದಿಗೆ ಗಟ್ಟಿಯಾದ ಮೇಲೆ ಸಿಮೆಂಟ್ ಗ್ರೌಟ್ ಕೊಡಲೇಬೇಕು. ಅದನ್ನು ಬಿಟ್ಟರೆ ಕಾಂಕ್ರೀಟ್ ಸುಮ್ಮನೆ ಕೂತಿರುತ್ತದೆ, ಭಾರ ಹೊರುವುದಿಲ್ಲ. ನಿಮ್ಮ ಲೆಕ್ಕಕ್ಕೆ (3 × 1.2 × 0.5) 1.8 ಘನ ಮೀಟರ್ ಬರುತ್ತದೆ, ಪೊಳ್ಳು ಬದಿಗಳಿಗೂ ಹರಡಿರುತ್ತದೆ, 3 ಸಿದ್ಧವಿರಲಿ.

ಹರಿಯುವ ನೀರಿಗೆ ನೇರವಾಗಿ ಕಾಂಕ್ರೀಟ್ ಸುರಿಯಬಾರದು, ಸಿಮೆಂಟ್ ತೊಳೆದುಹೋಗಿ ಜಲ್ಲಿ ಮಾತ್ರ ಉಳಿಯುತ್ತದೆ. ಒಣಗಿಸಲು ಆಗದಿದ್ದರೆ ನಿಂತ ನೀರಿನಲ್ಲಿ ಟ್ರೆಮಿ ಪೈಪ್ (ನೀರಿನಡಿಗೆ ಕಾಂಕ್ರೀಟ್ ಇಳಿಸುವ ಕೊಳವೆ) ಬಳಸಿ, ಅದರ ತುದಿ ಸದಾ ಕಾಂಕ್ರೀಟ್‌ನೊಳಗೇ ಇರಲಿ.

ಹಳ್ಳದ ದಾರಿ
ತುಂಬಿದ ಮೇಲೆ ಮತ್ತೆ ಕೊರೆಯದಂತೆ ಮಾಡುವುದೇ ದೊಡ್ಡ ಕೆಲಸ. ಲೇಸಿ ಸೂತ್ರದಿಂದ (ನೆರೆಯ ನೀರಿನ ಪ್ರಮಾಣ, ತಳದ ಮಣ್ಣು ನೋಡಿ ಕೊರೆತದ ಆಳ ಅಂದಾಜಿಸುವ ಸೂತ್ರ) ಬರುವ ಸರಾಸರಿ ಕೊರೆತದ ಎರಡು ಪಟ್ಟನ್ನು ಕಂಬದ ಬಳಿ ಗರಿಷ್ಠ ಎಂದು ಹಿಡಿಯುತ್ತಾರೆ, ಅಬಟ್‌ಮೆಂಟ್ ಬಳಿ 1.27 ಪಟ್ಟು. ಇದನ್ನು ಅಳೆಯುವುದು ನೆರೆಮಟ್ಟದಿಂದ, ಹಳ್ಳದ ತಳದಿಂದ ಅಲ್ಲ. ಫುಟಿಂಗ್ ಅಷ್ಟು ಆಳಕ್ಕೆ ಇಲ್ಲದಿದ್ದರೆ ಹಳ್ಳದ ತಳಕ್ಕೇ ಗಟ್ಟಿ ಹಾಸು ಹಾಕಬೇಕು.

ಐಆರ್‌ಸಿ 89 (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ) ಹೇಳುವ ಅಳತೆ: ಹಾಸು ಸೇತುವೆಯಿಂದ ನೀರು ಬರುವ ಬದಿಗೆ 3 ಮೀ, ಹೋಗುವ ಬದಿಗೆ 5 ಮೀ ಚಾಚಬೇಕು, ಮೇಲ್ಮೈ ಹಳ್ಳದ ಅತಿ ತಗ್ಗಿನ ಮಟ್ಟಕ್ಕಿಂತ 300 ಮಿಮೀ ಕೆಳಗಿರಬೇಕು. ಅದರ ಅಂಚಿಗೆ ಕರ್ಟನ್ ವಾಲ್ (ಹಾಸಿನಡಿ ಕೊರೆಯದಂತೆ ನೆಲದೊಳಗೆ ಇಳಿಸುವ ಗೋಡೆ), ಬರುವ ಬದಿ 2 ಮೀ, ಹೋಗುವ ಬದಿ 2.5 ಮೀ ಆಳ. ಆಚೆಗೆ 1 ಮೀ ದಪ್ಪ ಬಿಡಿಕಲ್ಲಿನ ಏಪ್ರನ್ (ತಳಕ್ಕೆ ಹರಡುವ ಹೊದಿಕೆ), ಅಗಲ ಕ್ರಮವಾಗಿ 3 ಮತ್ತು 6 ಮೀ. ಕಲ್ಲು 40 ಕೆಜಿಗೆ ಕಡಿಮೆ ಇರಬಾರದು. ಕರ್ಟನ್ ವಾಲ್ ಕಂದಕವನ್ನು ತುಂಡುತುಂಡಾಗಿ ತೋಡಿ, ತೋಡಿದ ತುಂಡನ್ನು ಅಂದೇ ಕಟ್ಟಿ ಮುಗಿಸಿ.

ಎರೆಹೊಲ
ಏಪ್ರನ್ ಕಲ್ಲಿಗೆ ಗಾರೆ ಹಾಕಿ ಬಿಗಿ ಮಾಡಬಹುದೇ? ಏರಿಗೆ ಏನು?

ಹಳ್ಳದ ದಾರಿ
ಗಾರೆ ಬೇಡವೇ ಬೇಡ. ಅಂಚು ಕೊರೆದಾಗ ಕಲ್ಲು ತಾನೇ ಜಾರಿ ಆ ಇಳಿಜಾರನ್ನು ಮುಚ್ಚಲಿ ಎಂದೇ ಬಿಡಿಯಾಗಿ ಇಡುವುದು.

ಲಾವಂಚ
ಏರಿ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೋಗುತ್ತದೆ: ಬುಡ ಕೊರೆದು, ಅಥವಾ ನೆರೆ ಥಟ್ಟನೆ ಇಳಿದಾಗ ಒಳಗೆ ನೆಂದ ಮಣ್ಣಿನ ನೀರು ಹೊರಗೆ ಒತ್ತಿ. ನಿಮ್ಮದು ಎರೆಮಣ್ಣು, ಎರಡನೆಯದೂ ಇರಬಹುದು. ಕುಸಿದ ಮಣ್ಣನ್ನೇ ಮತ್ತೆ ಏರಿಸಬೇಡಿ. ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತಂದು, ಹಳೆಯ ಇಳಿಜಾರಿಗೆ ಮೆಟ್ಟಿಲು ಕಡಿದು, 200 ಮಿಮೀ ಪದರಗಳಲ್ಲಿ ರೋಲರ್ ಹೊಡೆಯಿರಿ. ಅಬಟ್‌ಮೆಂಟ್ ಹಿಂದೆ 600 ಮಿಮೀ ಕಲ್ಲಿನ ಫಿಲ್ಟರ್ ಕೊಡಿ, ನೀರು ಹೊರಬರುವ ವೀಪ್ ಹೋಲ್ ಕಟ್ಟಿಕೊಂಡಿದ್ದರೆ ಬಿಡಿಸಿ.

ಇಳಿಜಾರು 2:1 (ಅಡ್ಡ 2, ಎತ್ತರ 1) ಇರಲಿ. ಪಿಚಿಂಗ್ ಕೆಳಗೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಇಲ್ಲದಿದ್ದರೆ ಕಲ್ಲಿನ ಸಂದಿಯಿಂದ ಮಣ್ಣು ಸೋರಿ ಮತ್ತೆ ಜಾರುತ್ತದೆ. ಬುಡದ ತಡೆಗೋಡೆಯನ್ನು ಪಿಚಿಂಗ್‌ಗಿಂತ ಮೊದಲೇ ಕಟ್ಟಬೇಕು. ಗೇಬಿಯನ್ (ಕಲ್ಲು ತುಂಬಿದ ತಂತಿ ಜಾಲರಿ ಪೆಟ್ಟಿಗೆ) ಇಟ್ಟರೆ 2×1×1 ಮೀ ಪೆಟ್ಟಿಗೆಗೆ ನಡುವೆ ಅಡ್ಡ ಜಾಲರಿ ಇರಲಿ, ಜಾಲರಿ ಕಿಂಡಿಗಿಂತ ಚಿಕ್ಕ ಕಲ್ಲು ತುಂಬಬೇಡಿ. ನೆರೆಮಟ್ಟದ ಮೇಲಿನ ಭಾಗಕ್ಕೆ ಲಾವಂಚ ಸಾಕು: ಸಾಲಿನಲ್ಲಿ 10–15 ಸೆಂಮೀಗೊಂದು ಬುಡ, ಪ್ರತಿ 1 ಮೀ ಎತ್ತರಕ್ಕೆ ಒಂದು ಸಾಲು. ಮುಂಗಾರಿನ ಮೊದಲ ಮಳೆಗೆ ನೆಟ್ಟರೆ ಬೇರು ಹಿಡಿಯುತ್ತದೆ.