ಲೈನ್ ಇಲ್ಲದ ತೋಟಕ್ಕೆ ಸೋಲಾರ್: ಎಷ್ಟು ಪ್ಯಾನಲ್, ಎಷ್ಟು ಬ್ಯಾಟರಿ?

ಪ್ರಶ್ನೆ: ತೋಟಕ್ಕೆ ಕರೆಂಟ್ ಲೈನ್ ಇಲ್ಲ, ಕೊಳವೆಬಾವಿ ಪಂಪು ಡೀಸೆಲ್ ಜನರೇಟರ್ ಮೇಲೆ ಓಡುತ್ತಿದೆ. ದಿನಕ್ಕೆ 30,000 ಲೀಟರ್ ನೀರು ಬೇಕು, ಒಟ್ಟು ಎತ್ತರ 40 ಮೀಟರ್. ರಾತ್ರಿ ಲೈಟು, ಸಣ್ಣ ಫ್ರಿಜ್ ಸೇರಿ 2 ಯೂನಿಟ್. ಎಷ್ಟು ಕಿಲೋವ್ಯಾಟ್ ಹಾಕಿಸಲಿ? ಹಾಕಿದ ದುಡ್ಡು ಹುಟ್ಟುತ್ತಾ?

ಉತ್ತರ (ಸೋಲಾರ್ ಎಂಜಿನಿಯರ್): ಪಂಪಿಗೆ ಬ್ಯಾಟರಿ ಬೇಡ ಸರ್. ಬಿಸಿಲಲ್ಲಿ ನೀರೆತ್ತಿ ಟ್ಯಾಂಕಿಗೆ ತುಂಬಿಸಿ. ಎರಡು ದಿನದ ನೀರು ಹಿಡಿಯುವ ಟ್ಯಾಂಕ್ ಇದ್ದರೆ ಮೋಡದ ದಿನವೂ ನಡೆಯುತ್ತದೆ.

ಲೆಕ್ಕ ಹೀಗೆ: ಒಂದು ಘನ ಮೀಟರ್ (1,000 ಲೀಟರ್) ನೀರನ್ನು ಒಂದು ಮೀಟರ್ ಎತ್ತಲು 2.725 ವ್ಯಾಟ್-ಅವರ್ ಬೇಕು; 30 ಘನ ಮೀಟರ್ × 40 ಮೀಟರ್ × 2.725 = 3,270 ವ್ಯಾಟ್-ಅವರ್, ಅಂದರೆ ಸುಮಾರು 3.3 ಯೂನಿಟ್. ಪಂಪು, ಮೋಟಾರ್ ಸೇರಿ ದಕ್ಷತೆ 45% ಅಂದರೆ ದಿನಕ್ಕೆ 7.3 ಯೂನಿಟ್. ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು, ಬಿಸಿ-ಧೂಳು-ವೈರಿನಲ್ಲಿ 25% ನಷ್ಟ ಹಿಡಿದರೆ 2 ಕಿಲೋವ್ಯಾಟ್ ಪ್ಯಾನಲ್. ಬಿಸಿಲು ಕಮ್ಮಿ ಇರುವ ತಿಂಗಳಲ್ಲೂ ಅಷ್ಟೇ ನೀರು ಬೇಕಾದರೆ ಇನ್ನೂ ಹೆಚ್ಚು.

ಆ 40 ಮೀಟರ್ ಹೇಗೆ ಅಳೆದಿರಿ? ಪಂಪು ಓಡುವಾಗ ನೀರು ಇಳಿದು ನಿಲ್ಲುವ ಮಟ್ಟದಿಂದ ಅಳೆದು, ಟ್ಯಾಂಕಿನ ಎತ್ತರ, ಪೈಪಿನ ಘರ್ಷಣೆ ಸೇರಿಸಬೇಕು. ಪಂಪು ನಿಂತಾಗಿನ ಮಟ್ಟ ಹಿಡಿದರೆ ಲೆಕ್ಕದಷ್ಟು ನೀರು ಬರುವುದೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ರಾತ್ರಿಯ 2 ಯೂನಿಟ್‌ಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 51.2 ವೋಲ್ಟ್, 50 ಆಂಪಿಯರ್-ಅವರ್ (ಸುಮಾರು 2.5 ಯೂನಿಟ್) ಸಾಕು, ಆದರೆ ಒಂದೇ ರಾತ್ರಿಗೆ. ಲೆಡ್ ಆಸಿಡ್ ಬ್ಯಾಟರಿಯಾದರೆ ಚಾರ್ಜನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 48 ವೋಲ್ಟ್, 100 ಆಂಪಿಯರ್-ಅವರ್ ಬೇಕು. ಅದನ್ನು ದಿನಗಟ್ಟಲೆ ಅರೆಚಾರ್ಜಿನಲ್ಲಿ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಕುಂದುತ್ತದೆ. ಬ್ಯಾಟರಿ ಚಾರ್ಜ್ ಮಾಡಲು ಬೇರೆ ಪ್ಯಾನಲ್ ಬೇಕು, ಮುಕ್ಕಾಲು ಕಿಲೋವ್ಯಾಟ್ ಸಾಕು.

ದುಡ್ಡಿನ ಮಾತು: ಸಣ್ಣ ಜನರೇಟರ್ ಯೂನಿಟ್‌ಗೆ ಸುಮಾರು 0.4 ಲೀಟರ್ ಕುಡಿಯುತ್ತದೆ, ಅರೆಲೋಡಿನಲ್ಲಿ ಇನ್ನೂ ಜಾಸ್ತಿ. ಪಂಪಿಗೇ ದಿನಕ್ಕೆ 3 ಲೀಟರ್; ಹೊಗೆಯಲ್ಲಿ ಹೋಗುವ ಇಂಗಾಲದ ಡೈಆಕ್ಸೈಡ್ ಸುಮಾರು 8 ಕೆಜಿ. ವರ್ಷದ ಡೀಸೆಲ್ ಖರ್ಚಿನಿಂದ ಸೋಲಾರ್ ಬೆಲೆ ಭಾಗಿಸಿ ನೋಡಿ, ಎಷ್ಟು ವರ್ಷಕ್ಕೆ ದುಡ್ಡು ಹುಟ್ಟುತ್ತದೆ ಗೊತ್ತಾಗುತ್ತದೆ. ನೀರು ಬೇಡದ ಮಳೆ ತಿಂಗಳು ಬಿಟ್ಟು ಲೆಕ್ಕ ಹಾಕಿ, ಬ್ಯಾಟರಿ ಬದಲಿಸುವ ಖರ್ಚನ್ನೂ ಸೇರಿಸಿ. ವರ್ಷವಿಡೀ ನೀರು ಕೇಳುವ ಬೆಳೆಗೆ ಬೇಗ ಹುಟ್ಟುತ್ತದೆ, ಒಂದೇ ಬೆಳೆಗೆ ನಿಧಾನ.

ಮರುಪ್ರಶ್ನೆ: ಹಾಗಾದರೆ ದೊಡ್ಡ ಪಂಪೇ ಹಾಕಿಸಿದರೆ? ಬಿಸಿಲು ಹೇಗೂ ಬಿಟ್ಟಿ.

ಉತ್ತರ (ಅಂತರ್ಜಲ ತಜ್ಞರು): ಅದೇ ಅಪಾಯ. ಡೀಸೆಲ್‌ಗೆ ದುಡ್ಡು ಹೋಗುತ್ತಿದ್ದಾಗ ಪಂಪು ಆಫ್ ಮಾಡಲು ಕಾರಣವಿತ್ತು; ಈಗ ಟ್ಯಾಂಕ್ ತುಂಬಿ ಹರಿದರೂ ಯಾರೂ ಎದ್ದು ಹೋಗುವುದಿಲ್ಲ. ಬಾವಿ ಗಂಟೆಗೆ ಎಷ್ಟು ನೀರು ಕೊಡುತ್ತದೆ ಎಂಬ ಇಳುವರಿ ಪರೀಕ್ಷೆ ಮಾಡಿಸಿ, ಪಂಪನ್ನು ಅದಕ್ಕಿಂತ ಚಿಕ್ಕದಾಗಿಡಿ. ಟ್ಯಾಂಕಿಗೆ ತುಂಬಿದಾಗ ತಾನೇ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್, ಪೈಪಿಗೆ ನೀರಿನ ಮೀಟರ್, ಬಾವಿಯೊಳಗೆ ಪಂಪಿಗಿಂತ ತುಸು ಮೇಲೆ ಡ್ರೈ ರನ್ ಸೆನ್ಸರ್ (ನೀರಿಲ್ಲದೆ ಪಂಪು ಓಡದಂತೆ ತಡೆಯುವುದು) ಕಡ್ಡಾಯ.