ಹಳೇ ಜಾವಾ–ಯೆಜ್ಡಿ: ಮೆಕ್ಯಾನಿಕ್ಕಿಗೆ ಕೇಳಿ

ಹಾಸನ: ಅಣ್ಣಾ, ನಮಸ್ಕಾರ. ನನ್ನದು 1984ರ ಯೆಜ್ಡಿ ರೋಡ್‌ಕಿಂಗ್ ಬೈಕು. ಆರು ವರ್ಷ ಕೊಟ್ಟಿಗೇಲಿ ನಿಂತಿತ್ತು, ಹೋದ ತಿಂಗಳು ಎಬ್ಬಿಸಿದೆ. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯಲ್ಲ, ತಾನಾಗೇ ಏರುತ್ತೆ. ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬೆಳ್ಳಗಿದೆ. ಭಾನುವಾರ ಮಡಿಕೇರಿಗೆ ಹೊರಟಿದ್ದೀವಿ.

ತುಮಕೂರು: ಪೆಟ್ರೋಲಿಗೆ ಬೆರೆಸೋ 2ಟಿ ಆಯಿಲ್ ಎಷ್ಟು ಹಾಕ್ಬೇಕು ಸಾರ್?

ಮೆಕ್ಯಾನಿಕ್: ತುಮಕೂರು, ಲೀಟರಿಗೆ 40 ಮಿಲಿ.

ಹಾಸನದವರೇ, ಮಡಿಕೇರಿ ಬಿಡಿ, ಗಾಡಿ ನಿಲ್ಸಿ. ಇಂಜಿನ್ ಎಲ್ಲಿಂದಲೋ ಗಾಳಿ ಎಳೀತಿದೆ. ಈ ಇಂಜಿನ್‌ನಲ್ಲಿ ಪೆಟ್ರೋಲ್ ಜೊತೆ ಬರೋ ಆಯಿಲ್ಲೇ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಜೀವ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದ್ರೆ ಬಿಸಿ ಏರಿ ಪಿಸ್ಟನ್ ಹಿಗ್ಗಿ ಸಿಲಿಂಡರ್ ಗೋಡೆಗೆ ಕಚ್ಚುತ್ತೆ, ಹಿಂದಿನ ಚಕ್ರ ನಿಂತಲ್ಲೇ ಜಾಮ್. ಮೊದಲು ಕಾರ್ಬೊರೇಟರ್ ಬುಡದ ಪ್ಯಾಕಿಂಗ್ ನೋಡಿ. ನನ್ನ ಅನುಮಾನ ಮಾತ್ರ ಬಲಗಡೆ, ಡೈನಮೋ ಹಿಂದಿರೋ ಕ್ರ್ಯಾಂಕ್ ಸೀಲ್ ಮೇಲೆ, ಅಂದ್ರೆ ಹೊರಗಿನ ಗಾಳಿ ತಡೆಯೋ ರಬ್ಬರ್ ಉಂಗುರ. ನಿಂತ ಗಾಡೀಲಿ ಸೀಲ್ ಒಣಗಿ ಗಟ್ಟಿಯಾಗುತ್ತೆ. ಎಡಗಡೇದು ಹೋದ್ರೆ ಲಕ್ಷಣವೇ ಬೇರೆ: ಗೇರ್ ಆಯಿಲ್ ಇಳೀತಾ ಹೋಗುತ್ತೆ, ಎರಡೂ ಸೈಲೆನ್ಸರಲ್ಲಿ ದಟ್ಟ ಹೊಗೆ. ಗೇರ್ ಆಯಿಲ್ ಮಟ್ಟ ನೋಡಿ ಇಲ್ಲೇ ಹೇಳಿ. ಬಿಚ್ಚೋದಾದ್ರೆ ಎರಡೂ ಸೀಲ್ ಬದಲಾಯಿಸಿ, ಎಥನಾಲ್ ತಡೆಯೋ ವಿಟಾನ್ ರಬ್ಬರಿಂದೇ ಕೇಳಿ ತಗೊಳ್ಳಿ.

ಮಂಡ್ಯ: ವಾಟ್ಸಾಪಲ್ಲಿ ಬಂದಿದೆ. ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿದ್ರೆ ಇ20 ಪೆಟ್ರೋಲ್ ಏನೂ ಮಾಡಲ್ವಂತೆ, ಪಿಕಪ್ಪೂ ಬರುತ್ತಂತೆ.

ಮೆಕ್ಯಾನಿಕ್: ಹಾಕ್ಬೇಡಿ. ಕಾರ್ಬೊರೇಟರ್ ಜೆಟ್ಟಿನಲ್ಲಿ, ಪೆಟ್ರೋಲ್ ಹೋಗೋ ಸಣ್ಣ ತೂತಲ್ಲಿ, ಕಟ್ಕೊಳ್ಳುತ್ತೆ. ಸೀಮೆಎಣ್ಣೆ, ಕರ್ಪೂರ, ಅದೂ ಬೇಡ. ಇ20ಯಲ್ಲಿ 20 ಪರ್ಸೆಂಟ್ ಎಥನಾಲ್, ಅದು ನೀರು ಹೀರುತ್ತೆ. ಮುಚ್ಚಳ ಸರಿ ಕೂರದೆ ಮಳೆ ನೀರು ಸೇರಿದ್ರೆ ನೀರೂ ಎಥನಾಲೂ ತಳಕ್ಕಿಳಿದು, 2ಟಿ ಆಯಿಲ್ ಮೇಲಿನ ಪೆಟ್ರೋಲಲ್ಲೇ ಉಳಿಯುತ್ತೆ. ಆಮೇಲೆ ಕಿಕ್ ಹೊಡೆದ್ರೆ ಇಂಜಿನ್ನಿಗೆ ಮೊದಲು ಹೋಗೋದು ಆಯಿಲ್ ಇಲ್ಲದ್ದೇ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕೂ ಕಾರ್ಬೊರೇಟರ್ರೂ ಖಾಲಿ ಮಾಡಿ.

ಶಿರಸಿ: ಆರ್‌ಸಿ ಮುಗಿದು ಮೂರು ವರ್ಷ ಆಯ್ತು. ರಿನ್ಯೂವಲ್‌ಗೆ ಗಾಡಿ ತಗೊಂಡೇ ಹೋಗ್ಬೇಕಾ?

ಮೈಸೂರು: ಎಲ್ರೂ ಪ್ಲಗ್ಗಿಗೆ ಕಿಡಿ ಕೊಡೋ ಹಳೇ ಪಾಯಿಂಟ್ ಕಿತ್ತು 12 ವೋಲ್ಟ್ ಸಿಡಿಐ, ಅಂದ್ರೆ ಎಲೆಕ್ಟ್ರಾನಿಕ್ ಇಗ್ನಿಷನ್, ಹಾಕಿಸಿ. ಅರ್ಧ ತೊಂದರೆ ಹೋಗುತ್ತೆ.

ಚಿಕ್ಕಮಗಳೂರು: ನನ್ನ ಜಾವಾ ಇವತ್ತಿಗೂ ಪಾಯಿಂಟಲ್ಲೇ ಎರಡನೇ ಕಿಕ್ಕಿಗೆ ಎದ್ದೇಳುತ್ತೆ. ಒರಿಜಿನಲ್ ಹಾಳು ಮಾಡೋದು ಕಲಿಸ್ಬೇಡಿ.

ಮೈಸೂರು: ನಮ್ಮಪ್ಪ ಇಲ್ಲಿನ ಯಾದವಗಿರಿ ಜಾವಾ ಫ್ಯಾಕ್ಟರಿಯಲ್ಲಿ 1996ರಲ್ಲಿ ಬಾಗಿಲು ಹಾಕೋ ತನಕ ಇದ್ದವರು. ಒರಿಜಿನಲ್ ಅಂದ್ರೇನು ಅಂತ ನನಗೆ ಹೇಳ್ತೀರಾ?

ಚಿಕ್ಕಮಗಳೂರು: ಕೆಲಸ ಮಾಡಿದ್ದು ನಿಮ್ಮಪ್ಪ, ನೀವಲ್ಲ.

ಮೈಸೂರು: ಅಪ್ಪನ ವಿಷಯ ಎತ್ತಬೇಡಿ.

ಮೆಕ್ಯಾನಿಕ್: ಪಾಯಿಂಟ್ ಗ್ಯಾಪ್ 0.4 ಮಿಮೀ, ಕಂಡೆನ್ಸರ್ ಒಳ್ಳೇದು ಹಾಕಿ, ಓಡುತ್ತೆ. ಜಗಳ ಇಲ್ಲಿ ಬೇಡ.

ಕೋಲಾರ: 2ಟಿ ಎಷ್ಟು ಹಾಕೋದು?

ಮೆಕ್ಯಾನಿಕ್: ಮೇಲಿದೆ, ಓದಿ.

ಮಂಡ್ಯ: ಎರಡೇ ಗುಳಿಗೆ ಹಾಕಿ ನೋಡ್ಲಾ?

ಮೆಕ್ಯಾನಿಕ್: ಬೇಡ ಅಂದೆ. ಗುಳಿಗೆ ಬಗ್ಗೆ ಇನ್ನು ಉತ್ತರ ಕೊಡಲ್ಲ.

ಹಾಸನ: ಗೇರ್ ಆಯಿಲ್ ಸರಿಯಾಗಿದೆ ಅಣ್ಣಾ. ಪ್ಯಾಕಿಂಗ್ ಹೊಸದು. ಫ್ರೆಂಡ್ಸು ನಿಧಾನಕ್ಕೆ ಹೋಗೋಣ ಅಂತಾರೆ.

ಮೆಕ್ಯಾನಿಕ್: ಹಾಗಾದ್ರೆ ಬಲಗಡೆ ಸೀಲೇ. ನಿಧಾನಕ್ಕೂ ಬೇಡ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಲ್ಲೇ ಬರ್ತೀರ, ಆಗ ಒಳಗೆ ಹೋಗೋ ಆಯಿಲ್ ಇನ್ನೂ ಕಮ್ಮಿ. ತಿರುವಿನಲ್ಲಿ ಚಕ್ರ ಜಾಮ್ ಆದ್ರೆ ಕ್ಲಚ್ ಹಿಡಿಯೋಕೆ ಟೈಮ್ ಸಿಗಲ್ಲ. ಗಾಡೀನ ಲಗೇಜ್ ಆಟೋದಲ್ಲಿ ಹಾಕಿ ಕಳ್ಸಿ, ಶನಿವಾರ ನಾನೇ ಬಿಚ್ತೀನಿ.