ಉಪ್ಪು ನೀರು, ಸಿಹಿ ನೀರು, ಸಪ್ಪೆ ನೀರು: ಮೀನಿನ ಟ್ಯಾಂಕ್ ಚೀಟಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಒಂದು ಸಮುದ್ರದ ಮೀನಿನ ಟ್ಯಾಂಕ್ ಇದೆ, ಸುಮಾರು 200 ಲೀಟರ್‌ದು, ಬೆಂಗಳೂರಲ್ಲೇ. ಒಂದು ಜೊತೆ ಕ್ಲೌನ್ ಮೀನು, ಒಂದು ಗೋಬಿ ಮೀನು, ನಾಲ್ಕೈದು ಬಸವನಹುಳ. ಬರೋ ಶನಿವಾರ ಹತ್ತು ದಿನಕ್ಕೆ ಊರಿಗೆ ಹೊರಡ್ತಾ ಇದೀವಿ, ಕುಮಟಾ ಕಡೆ. ಟ್ಯಾಂಕ್ ನೋಡ್ಕೊಳ್ಳೋದು ಪಕ್ಕದ ಮನೆ ಆಂಟಿ, ಅವರಿಗೆ ಒಂದು ಚೀಟಿ ಬರೆದಿಡಬೇಕು. ಕೆಲಸ ದೊಡ್ಡದೇನಲ್ಲ, ಆದ್ರೆ ಈ ಚೀಟಿಯ ಮೂರ್ನಾಲ್ಕು ಪದ ನನಗೆ ಹೋದ ಎರಡು ಸಲಾನೂ ಕೈಕೊಟ್ಟಿವೆ, ಈ ಸಲ ನಿಮ್ಮನ್ನ ಕೇಳಿಯೇ ಬರೆಯೋಣ ಅಂತ.

ಮೊದಲು ವಿಷಯ ಏನು ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಪದ ಯಾಕೆ ಮುಖ್ಯ ಅಂತ ಗೊತ್ತಾಗಲ್ಲ. ಸಮುದ್ರದ ನೀರಲ್ಲಿ ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ, ಟ್ಯಾಂಕಲ್ಲೂ ಅಷ್ಟೇ ಇಟ್ಕೋಬೇಕು. ಅಂದ್ರೆ 200 ಲೀಟರ್‌ಗೆ 7 ಕೆಜಿ. ನಮ್ಮ ಟ್ಯಾಂಕಲ್ಲಿ ದಿನಕ್ಕೆ ಹತ್ತಿರ ಹತ್ತಿರ 2 ಲೀಟರ್ ನೀರು ಗಾಳಿಗೆ ಹೋಗುತ್ತೆ, ಬೇಸಿಗೇಲಿ ಮೇಲೆ ಫ್ಯಾನ್ ಹಾಕಿದ್ರೆ ಇನ್ನೂ ಜಾಸ್ತಿ. ಹೋಗೋದು ನೀರು ಮಾತ್ರ, ಉಪ್ಪು ಪೂರ್ತಿ ಒಳಗೇ ಉಳಿಯುತ್ತೆ. ಹಾಗಾಗಿ ದಿನಾ ಹಾಕಬೇಕಾಗಿರೋದು ಉಪ್ಪಿಲ್ಲದ ನೀರು, ಅದರಲ್ಲೂ ಆರ್‌ಓ ನೀರು, ಅಂದ್ರೆ ಮಷಿನ್ನಲ್ಲಿ ಸೋಸಿ ಉಪ್ಪಿನಂಶ ತೆಗೆದಿದ್ದು. ಉಪ್ಪಿನ ನೀರನ್ನೇ ಹತ್ತು ದಿನ ಹಾಕಿದ್ರೆ 20 ಲೀಟರ್ ಜೊತೆ ಇನ್ನೊಂದು 700 ಗ್ರಾಂ ಉಪ್ಪು ಸೇರ್ಕೊಂಡು 35 ಇದ್ದಿದ್ದು 38.5 ಆಗುತ್ತೆ.

ಹೀಗೇ ಆಯ್ತು ಮೊದಲನೇ ಸಲ. ಆಗ ನೋಡ್ಕೊಂಡಿದ್ದು ನನ್ನ ಭಾಮೈದ. ಬಾಲ್ಕನೀಲಿ ಒಂದು ನೀಲಿ ಡ್ರಮ್ಮಲ್ಲಿ ಉಪ್ಪು ಕಲಸಿಟ್ಟ ನೀರಿತ್ತು, ಏನಾದ್ರೂ ಎಡವಟ್ಟಾದ್ರೆ ಟ್ಯಾಂಕ್ ನೀರು ಬದಲಾಯಿಸೋಕೆ ಅಂತ, ಅದರ ಮೇಲೆ ‘ಉಪ್ಪು ನೀರು’ ಅಂತ ಬರೆದಿದ್ದೆ. ಚೀಟೀಲಿ ಬರೀ ‘ದಿನಾ ನೀರು ಹಾಕು’ ಅಂತಿತ್ತು. ಸಮುದ್ರದ ಮೀನಿಗೆ ಉಪ್ಪು ನೀರೇ ತಾನೆ ಭಾವ ಅಂದ, ಅವನ ತಪ್ಪು ಅಂತ ಹೇಗೆ ಹೇಳೋದು, ಹೇಳಿದ್ದನ್ನೇ ಮಾಡಿದಾನೆ. ವಾಪಸ್ ಬಂದು ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರ್‌ಗೆ ಒಂದು ಹನಿ ಹಾಕಿ ನೋಡಿದ್ರೆ ಗೆರೆ 38 ದಾಟಿತ್ತು. ಮೀನು ಹೇಗೋ ತಡ್ಕೊಂಡಿದ್ವು, ಎರಡು ಬಸವನಹುಳ ಸತ್ತಿದ್ವು. ಒಂದೇ ದಿನದಲ್ಲಿ ಇಳಿಸಿದ್ರೆ ಉಳಿದವಕ್ಕೂ ಪೆಟ್ಟು ಅಂತ ನಾಲ್ಕು ದಿನ ದಿನಕ್ಕಿಷ್ಟು ಅಂತ ಇಳಿಸಿದೆ.

ಎರಡನೇ ಸಲ ಆಂಟಿ. ಅವರು ಮಂಡ್ಯ ಕಡೆಯವರು, ಬೆಂಗಳೂರಿಗೆ ಬಂದು ಮೂವತ್ತು ವರ್ಷ ಆಗಿರಬೇಕು. ಈ ಸಲ ಹುಷಾರಾಗಿ ಆರ್‌ಓ ನೀರಿನ ಕ್ಯಾನ್‌ಗಳ ಮೇಲೆ ‘ಸಿಹಿ ನೀರು’ ಅಂತ ಬರೆದಿಟ್ಟೆ. ಅವರು ಕ್ಯಾನ್ ಮುಟ್ಟಲೇ ಇಲ್ಲ! ದಿನಾ ಕೊಳಾಯಿಂದ ಕಾವೇರಿ ನೀರು ಹಿಡಿದು ಹಾಕಿದಾರೆ. ಕೇಳಿದ್ರೆ, ‘ಸಿಹಿ ನೀರು ಅಂತ ಬರ್ದಿದ್ದೆ ಕಣಪ್ಪ, ಕಾವೇರಿ ಬರ್ತಾ ಇರ್ಬೇಕಾದ್ರೆ ನೀನು ದುಡ್ಡು ಕೊಟ್ಟು ತಂದಿರೋ ಕ್ಯಾನ್ ಯಾಕೆ ಖಾಲಿ ಮಾಡ್ಲಿ’ ಅಂದ್ರು. ಅವರ ಕನ್ನಡದಲ್ಲಿ ಅದು ನೂರಕ್ಕೆ ನೂರು ಸರಿ. ಬೆಂಗಳೂರಲ್ಲಿ ಸಿಹಿ ನೀರು ಅಂದ್ರೆ ಕಾವೇರಿ, ಉಪ್ಪು ನೀರು ಅಂದ್ರೆ ಬೋರ್‌ವೆಲ್. ಮನೆ ಬಾಡಿಗೆಗೆ ಹುಡುಕ್ತಾ ಹೋದ್ರೆ ಓನರ್ ಮೊದಲು ಹೇಳೋದೇ ‘ಸಿಹಿ ನೀರು ದಿನ ಬಿಟ್ಟು ದಿನ ಬರುತ್ತೆ, ಉಪ್ಪು ನೀರು ಇಪ್ಪತ್ನಾಲ್ಕು ಗಂಟೆ’ ಅಂತ. ಪಾಠದ ಪುಸ್ತಕದ ‘ಗಡಸು ನೀರು’ ಯಾರ ಬಾಯಲ್ಲೂ ಬರಲ್ಲ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ಅದು ನಮಗೆ ಒಳ್ಳೇದು, ಟ್ಯಾಂಕಲ್ಲಿ ಕೊಳೆ ತಿಂದು ನೀರು ಶುದ್ಧ ಇಡೋ ಬ್ಯಾಕ್ಟೀರಿಯಾಗೆ ಒಳ್ಳೇದಲ್ಲ. ದಿನಕ್ಕೆ ಎರಡೇ ಲೀಟರ್ ಆಗಿದ್ದಕ್ಕೆ ದೊಡ್ಡ ಅನಾಹುತ ಆಗಲಿಲ್ಲ, ಗಾಜಿಗೆಲ್ಲ ಕಂದು ಪಾಚಿ ಕಟ್ಟಿತ್ತು ಅಷ್ಟೆ.

ನನ್ನ ತಲೇಲಿ ಇದ್ದ ಅರ್ಥ ಊರಿನದು. ನಮ್ಮ ಕಡೆ ಉಪ್ಪು ನೀರು ಅಂದ್ರೆ ಸಮುದ್ರದ್ದು, ಇಲ್ಲಾ ಭರತಕ್ಕೆ ಹೊಳೆಯೊಳಗೆ ಏರಿ ಬರೋದು. ಬೇಸಿಗೇಲಿ ಹೊಳೆ ಪಕ್ಕದ ಬಾವಿ ನೀರು ಬಾಯಿಗಿಡೋಕಾಗದೆ ಹೋದ್ರೆ ‘ಬಾವಿಗೆ ಉಪ್ಪು ನೀರು ಬಂತು’ ಅಂತಾರೆ. ಸಾಣಿಕಟ್ಟೆಯಲ್ಲಿ ಉಪ್ಪು ಮಾಡೋದೂ ಈ ನೀರಿಂದಲೇ, ಬಿಸಿಲಿಗೆ ಬಿಟ್ರೆ ನೀರು ಹೋಗಿ ಉಪ್ಪು ಉಳಿಯುತ್ತೆ, ನಮ್ಮ ಟ್ಯಾಂಕಲ್ಲಿ ನಿಧಾನಕ್ಕೆ ನಡೆಯೋದೂ ಅದೇ. ಉತ್ತರ ಕರ್ನಾಟಕದ ಗೆಳೆಯರು ಸವಳು ನೀರು ಅಂತಾರೆ, ಅದು ಬೋರಿನ ನೀರಿಗೋ ಬಾವಿ ನೀರಿಗೋ ಎರಡಕ್ಕೂನೋ, ಆ ಕಡೆಯವರು ದಯವಿಟ್ಟು ಹೇಳಿ.

ಈಗ ನನಗೆ ಹೊಳೆದಿರೋದು ‘ಸಪ್ಪೆ ನೀರು’. ಸಾರಿಗೆ ಉಪ್ಪು ಕಮ್ಮಿ ಆದ್ರೆ ಸಪ್ಪೆ ಅಂತೀವಿ, ಹಾಗಾಗಿ ಉಪ್ಪಿಗೆ ನೇರ ಎದುರು ಪದ ಸಪ್ಪೆಯೇ ಹೊರತು ಸಿಹಿ ಅಲ್ಲ. ಆರ್‌ಓ ನೀರು ಕುಡಿದವರು ‘ಏನೂ ರುಚಿನೇ ಇಲ್ಲ, ಸಪ್ಪೆ’ ಅನ್ನೋದನ್ನ ಕೇಳಿದೀನಿ ಕೂಡ. ಅಮ್ಮ ಚಪ್ಪೆ ಅಂತಾಳೆ, ಕರಾವಳಿ ಉದ್ದಕ್ಕೂ ಚಪ್ಪೆಯೇ, ಆದ್ರೆ ಆಂಟಿಗೆ ಸಪ್ಪೆ ಅಂತ ಬರೆದ್ರೆ ಸಾಕು. ‘ಫಿಲ್ಟರ್ ನೀರು’ ಅಂತ ಬರೀಬಹುದಿತ್ತು, ಕಾಯಿನ್ ಹಾಕಿ ಹಿಡ್ಕೊಂಡು ಬರೋ ನೀರಿಗೆ ಬೀದಿಯೆಲ್ಲ ಅದೇ ಹೆಸರು. ಆದ್ರೆ ಟ್ಯಾಂಕಿಗೂ ಒಂದು ಫಿಲ್ಟರ್ ಇದೆ, ಅದರ ನೀರು ಅಂದ್ಕೊಂಡ್ರೆ ಮತ್ತೆ ಕಥೆ ಶುರು. ನಿಮ್ಮೂರಲ್ಲಿ ಸಪ್ಪೆ ನೀರು ಅನ್ನೋ ಬಳಕೆ ಇದೆಯಾ? ಇದ್ರೆ ಯಾವ ನೀರಿಗೆ? ಇದೇ ನನ್ನ ಮೊದಲನೇ ಪ್ರಶ್ನೆ.

ಎರಡನೇದು ‘ಸಂಪ್’. ಮೇಲಿನ ಟ್ಯಾಂಕಿಂದ ನೀರು ಕೆಳಗೆ ಸ್ಟ್ಯಾಂಡ್ ಒಳಗಿರೋ ಇನ್ನೊಂದು ಗಾಜಿನ ಪೆಟ್ಟಿಗೆಗೆ ಇಳಿದು, ಅಲ್ಲಿ ಸೋಸಿ, ಪಂಪ್ ಅದನ್ನ ಮತ್ತೆ ಮೇಲಕ್ಕೆ ಕಳಿಸುತ್ತೆ. ಈ ಕೆಳಗಿನ ಪೆಟ್ಟಿಗೆಗೆ ಮೀನು ಸಾಕೋರೆಲ್ಲ ಸಂಪ್ ಅಂತಾರೆ, ನೀರು ಕಮ್ಮಿ ಆದದ್ದು ಕಾಣೋದೂ ಇಲ್ಲೇ. ‘ಸಂಪಲ್ಲಿ ನೀರು ನೋಡಿ’ ಅಂತ ಬರೆದಿದ್ದೆ. ಆಂಟಿ ಗೇಟ್ ಹತ್ರ ಹೋಗಿ, ಮುಚ್ಚಳ ಎತ್ತಿ ನೋಡಿ, ನನಗೆ ಫೋನ್ ಮಾಡಿ ‘ಸಂಪ್ ತುಂಬ ನೀರೈತೆ, ನೆನ್ನೆ ತಾನೆ ಬಿಟ್ಟಿದ್ರು, ನೀನು ಯೋಚನೆ ಮಾಡಬೇಡ’ ಅಂದ್ರು. ಬೆಂಗಳೂರಲ್ಲಿ ಸಂಪ್ ಅಂದ್ರೆ ಇನ್ನೇನು ತಾನೇ! ಈ ಸಲ ‘ಕೆಳಗಿನ ಗಾಜಿನ ಪೆಟ್ಟಿಗೆ’ ಅಂತ ಬರೀತಾ ಇದೀನಿ, ಇದಕ್ಕೆ ಹೊಸ ಪದ ಏನೂ ಬೇಡ ಅಂತ ನನ್ನ ಅಭಿಪ್ರಾಯ.

ನಿಜವಾಗಿ ನಾನು ಸಿಕ್ಕಿಹಾಕ್ಕೊಂಡಿರೋದು ಕ್ರಿಯಾಪದದ ಹತ್ರ. ಹೋದಷ್ಟು ನೀರನ್ನ ಮತ್ತೆ ಹಾಕಿ ಗುರುತಿನ ತನಕ ತರೋದಕ್ಕೆ ಮೀನಿನವರೆಲ್ಲ ‘ಟಾಪ್ ಅಪ್’ ಅಂತಾರೆ, ಆಂಟಿಗೆ ಅದು ಮೊಬೈಲ್ ರೀಚಾರ್ಜ್. ‘ಬದಲಾಯಿಸಿ’ ಅಂತ ಬರೆದ್ರೆ ಹಳೇ ನೀರು ತೆಗೆದುಬಿಡ್ತಾರೆ. ‘ನೀರೆರೆ’ ಅಂದ್ರೆ ಗಿಡಕ್ಕೆ, ಇಲ್ಲಾ ತಲೆಗೆ. ‘ತುಂಬಿಸಿ’ ಅಂತ ಬರೆದಿದ್ದೇ ದೊಡ್ಡ ತಪ್ಪಾಗಿದ್ದು. ನಮ್ಮಲ್ಲಿ ತುಂಬಿಸೋದು ಅಂದ್ರೆ ಕಂಠಪೂರ್ತಿ, ಕೊಡ ತುಂಬಿಸ್ದಂಗೆ. ಆಂಟಿ ಕೆಳಗಿನ ಪೆಟ್ಟಿಗೆಯನ್ನ ಒಂದು ದಿನ ಅಂಚಿನ ತನಕ ತುಂಬಿಸಿದಾರೆ, ಸಂಜೆ ಕರೆಂಟ್ ಹೋಗಿದೆ, ಪಂಪ್ ನಿಂತಾಗ ಪೈಪಲ್ಲೂ ಮೇಲಿನ ಟ್ಯಾಂಕಿನ ಅಂಚಲ್ಲೂ ಇದ್ದ ನೀರೆಲ್ಲ ಕೆಳಗಿಳಿಯುತ್ತೆ, ಅದಕ್ಕೆ ಜಾಗ ಬಿಟ್ಟಿರಬೇಕು. ಜಾಗ ಇರಲಿಲ್ಲ, ಹಾಲ್ ತುಂಬ ನೀರು. ಪಾಪ ರಾತ್ರಿ ಒಂಬತ್ತಕ್ಕೆ ಮಾಪ್ ಹಿಡ್ಕೊಂಡು ಒಬ್ಬರೇ ಒರೆಸಿದಾರೆ, ನನಗೆ ಇವತ್ತಿಗೂ ಅದು ಮನಸ್ಸಲ್ಲಿ ಚುಚ್ಚುತ್ತೆ. ಆ ಒಂದು ಪದ ಸರಿಯಾಗಿದ್ದಿದ್ರೆ ಆಗ್ತಿರಲಿಲ್ಲ.

ಹಳೇ ಪದಗಳಲ್ಲಿ ಹುಡುಕಿದೆ. ‘ತೀವು’ ಅಂತಿದೆ ಹಳಗನ್ನಡದಲ್ಲಿ, ಅದೂ ತುಂಬು ಅಂತಲೇ. ‘ಪೂರೈಸು’ ಮೂಲದಲ್ಲಿ ತುಂಬಿಸೋದೇ, ಈಗ ಅದು ಬೇಡಿಕೆ ಪೂರೈಸೋದಾಗಿದೆ, ಆದ್ರೂ ‘ಕೊರತೆ ಪೂರೈಸು’ ಅನ್ನೋದ್ರಲ್ಲಿ ನನಗೆ ಬೇಕಾದ ಅರ್ಥದ ವಾಸನೆ ಇದೆ. ‘ಸರಿದೂಗಿಸು’ ತಕ್ಕಡಿಯದು, ಆಂಟಿಗೆ ಚೀಟೀಲಿ ಹಾಗೆ ಬರೆದ್ರೆ ಆಫೀಸ್ ಕನ್ನಡ ಆಗುತ್ತೆ.

ನೀರು ಕಮ್ಮಿ ಆಗೋದಕ್ಕೂ ಇದೇ ಪಾಡು. ‘ಆವಿಯಾಗುತ್ತೆ’ ಅಂದಿದ್ದಕ್ಕೆ ಆಂಟಿ ಗಾಬರಿಯಾಗಿ ‘ಅಷ್ಟು ಬಿಸಿ ಇರುತ್ತಾ ಒಳಗೆ?’ ಅಂದ್ರು, ಅವರಿಗೆ ಆವಿ ಅಂದ್ರೆ ಇಡ್ಲಿ ಪಾತ್ರೇದು. ನಮ್ಮ ಟ್ಯಾಂಕ್ 26 ಡಿಗ್ರಿ. ‘ಇಂಗುತ್ತೆ’ ಅಂದ್ರೆ ಎಲ್ಲಿ ಸೋರ್ತಿದೆ ಅಂತ ಹುಡುಕ್ತಾರೆ, ‘ಬತ್ತುತ್ತೆ’ ಅಂದ್ರೆ ಕೆರೆ ಬತ್ತಿದ ಹಾಗೆ ಪೂರ್ತಿ ಹೋಯ್ತು ಅಂತ. ‘ಆರುತ್ತೆ’ ಚೆನ್ನಾಗಿದೆ, ಬಟ್ಟೆ ಆರಿದ ಹಾಗೆ, ಬಿಸಿ ಬೇಕಾಗಿಲ್ಲ, ಆದ್ರೆ ಟ್ಯಾಂಕ್ ನೀರು ಆರ್ತು ಅಂದ್ರೆ ತಣ್ಣಗಾಯ್ತು ಅಂತಲೂ ಆಗುತ್ತೆ.

ಕೊನೆಗೆ ಮೊನ್ನೆ ಆಂಟೀನ ಟ್ಯಾಂಕ್ ಮುಂದೆ ಕೂರಿಸ್ಕೊಂಡು ಸಾರಿನ ಲೆಕ್ಕದಲ್ಲಿ ಹೇಳಿದೆ. ಸಾರು ಕುದ್ದು ಕುದ್ದು ಗಟ್ಟಿ ಆದ್ರೆ ಉಪ್ಪು ಜಾಸ್ತಿ ಆಗುತ್ತಲ್ಲ ಆಂಟಿ, ಆಗ ಏನ್ ಮಾಡ್ತೀರಿ ಅಂದೆ. ‘ಒಸಿ ನೀರು ಹಾಕ್ತೀನಿ, ಉಪ್ಪು ಹಾಕ್ತೀನಾ’ ಅಂದ್ರು. ಅಲ್ಲೇ ಇದ್ದ ಅಂಕಲ್ ‘ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಲ್ವಾ, ಆಸಿಡ್ ಹಾಕ್ತೀವಾ, ಅದೇ ತಾನೆ ಇದು’ ಅಂದ್ರು. ಇಷ್ಟು ವರ್ಷದಲ್ಲಿ ನನಗೆ ಬ್ಯಾಟರಿ ಉದಾಹರಣೆ ಹೊಳೆದೇ ಇರಲಿಲ್ಲ. ಆಮೇಲೆ ಗಾಜಿನ ಮೇಲೆ ನಾನು ಅಂಟಿಸಿದ್ದ ಕೆಂಪು ಟೇಪ್ ತೋರಿಸಿ ಆಂಟಿ ಕೇಳಿದ್ರು, ‘ಈ ಗೀಟಿಂದ ಎಷ್ಟು ಇಳಿದೈತೋ ಅಷ್ಟು ಹಾಕ್ಬೇಕು, ಅಲ್ವಾ?’

‘ಇಳಿದಷ್ಟು ಹಾಕಿ’. ನಾನು ಒಂದೇ ಕ್ರಿಯಾಪದ ಹುಡುಕ್ತಾ ಇದ್ದೆ, ಕನ್ನಡ ಆ ಕೆಲಸಾನ ‘ಅಷ್ಟು’ ಅನ್ನೋದಕ್ಕೆ ಒಪ್ಪಿಸಿಬಿಟ್ಟಿದೆ. ಇಳಿಯೋದು ಅಂದ್ರೆ ಸೋರಿಕೇನೂ ಅಲ್ಲ, ಬಿಸೀನೂ ಅಲ್ಲ, ಮಟ್ಟ ಮಾತ್ರ ಇಳಿದಿದೆ. ಹಾಗಾಗಿ ಚೀಟೀಲಿ ಸದ್ಯಕ್ಕೆ ಹೀಗಿದೆ: ‘ಕೆಳಗಿನ ಗಾಜಿನ ಪೆಟ್ಟಿಗೇಲಿ ನೀರು ಕೆಂಪು ಗೀಟಿಂದ ಇಳಿದಷ್ಟು, ಸಪ್ಪೆ ನೀರು ಹಾಕಿ. ಗೀಟು ದಾಟಿಸಬೇಡಿ.’ ಮೀನಿನ ಊಟಕ್ಕೆ ‘ಒಂದು ಚಿಟಿಕೆ’ ಅಂತ ಬರೆಯೋದು ಬಿಟ್ಟಿದೀನಿ, ಅವರ ಚಿಟಿಕೆ ನನ್ನ ಮೂರರಷ್ಟಿದೆ, ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತೆ. ಮಾತ್ರೆ ಡಬ್ಬಿಯ ಖಾನೆಗಳಲ್ಲಿ ದಿನಕ್ಕಿಷ್ಟು ಅಂತ ಹಾಕಿಟ್ಟಾಗಿದೆ.

ಗುರುತಿನ ತನಕ ಮಾತ್ರ ತರೋದು, ತುಂಬಿಸೋದಲ್ಲ ಅನ್ನೋ ಅರ್ಥಕ್ಕೆ ನಿಮ್ಮ ಕಡೆ, ಗದ್ದೇಲೋ ಅಡುಗೆಮನೇಲೋ ಬ್ಯಾಟರಿ ಅಂಗಡೀಲೋ, ಒಂದೇ ಪದ ಯಾರಾದ್ರೂ ಬಳಸೋದು ಕೇಳಿದ್ರೆ ಹೇಳಿ. ಇನ್ನು ನೀಲಿ ಡ್ರಮ್ ಮೇಲಿನ ‘ಉಪ್ಪು ನೀರು’ ಅಳಿಸಿ ‘ಕಡಲ ನೀರು’ ಅಂತ ಬರೆಯೋಣ ಅಂದ್ರೆ ಹೆಂಡತಿ ‘ಅದು ಕಡಲಿಂದ ತಂದಿದ್ದಲ್ವಲ್ಲ’ ಅಂತಾಳೆ, ಅದೂ ಹೌದು. ಶುಕ್ರವಾರ ರಾತ್ರಿ ತನಕ ಮಾರ್ಕರ್ ಕೈಲಿರುತ್ತೆ, ಅಷ್ಟರೊಳಗೆ ಆ ಡ್ರಮ್ಮಿಗೂ ಒಂದು ಹೆಸರು ಹೇಳಿ.